ಹಳ್ಳಿ ಶಾಲೆಯ ಕೊಠಡಿ, ಹೊರದೇಶದ ನೆರವು: ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ಸರ್ಕಾರಿ ಶಾಲೆಗಳ ಹಳೆಯ ಕೊಠಡಿ ಕೆಡವಿ ಹೊಸದು ಕಟ್ಟುವ ಕೆಲಸದಲ್ಲಿ ಸ್ವಯಂಸೇವಕನಾಗಿ ಓಡಾಡಿದವನು ನಾನು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಮುಖ್ಯ ಶಿಕ್ಷಕರು, ಅಮೆರಿಕ, ಇಂಗ್ಲೆಂಡ್, ದುಬೈಯಲ್ಲಿರುವ ಹಳೆ ವಿದ್ಯಾರ್ಥಿಗಳು, ಎಲ್ಲರೂ ಫೋನ್ ಮಾಡಿ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಪ್ರತಿ ಸಲ ಅದೇ ಉತ್ತರ ಹೇಳುವ ಬದಲು ಬರೆದಿಟ್ಟಿದ್ದೇನೆ.

ನಮ್ಮೂರ ಶಾಲೆ ಸೋರುತ್ತಿದೆ. ಹಣ ಕೊಡಲು ಹೊರದೇಶದ ಒಂದು ಸಂಸ್ಥೆ ಸಿದ್ಧವಿದೆ. ಮೊದಲು ಏನು ಮಾಡಬೇಕು?

ಶಾಲೆ ನಿಂತಿರುವ ಜಾಗದ ಪಹಣಿ ತೆಗೆಸಿ, ಜಾಗ ಯಾರ ಹೆಸರಲ್ಲಿದೆ ನೋಡಿ. ಹೌದು, ಇಂಜಿನಿಯರ್‌ಗೂ ಮುಂಚೆ, ನಕ್ಷೆಗೂ ಮುಂಚೆ.

ನಮ್ಮ ಎಷ್ಟೋ ಹಳ್ಳಿ ಶಾಲೆಗಳು ನಿಂತಿರುವುದು ಊರಿನ ಹಿರಿಯರೊಬ್ಬರು ಬಾಯಿಮಾತಿನಲ್ಲಿ ಕೊಟ್ಟ ಜಾಗದಲ್ಲಿ. ಅವರ ಕಾಲದಲ್ಲಿ ಮಾತೇ ಪತ್ರ. ದಾನಪತ್ರ ನೋಂದಣಿ ಆಗಿರುವುದಿಲ್ಲ, ಖಾತೆ ಬದಲಾಗಿರುವುದಿಲ್ಲ. ಐವತ್ತು ವರ್ಷ ಯಾರೂ ಕೇಳುವುದಿಲ್ಲ. ಹೊಸ ಕಟ್ಟಡಕ್ಕೆ ಹಣ ಬಂತು ಅಂತ ಸುದ್ದಿಯಾದ ವಾರದಲ್ಲೇ ಮೊಮ್ಮಗ ಬಂದು ನಿಲ್ಲುತ್ತಾನೆ.

ನಾನು ಕೈಹಾಕಿದ ಮೊದಲ ಶಾಲೆಯಲ್ಲೇ ಹೀಗಾಯಿತು. ಪಾಯ ತೋಡಲು ಸುಣ್ಣದ ಗೆರೆ ಎಳೆದಿದ್ದೆವು. ಬೆಳಿಗ್ಗೆ ಹೋದರೆ ಗೆರೆಯ ಮೇಲೆ ಎತ್ತಿನ ಗಾಡಿ ನಿಂತಿತ್ತು. ಆ ಗಾಡಿ ಪಕ್ಕಕ್ಕೆ ಸರಿಯಲು ಹದಿನಾಲ್ಕು ತಿಂಗಳು ಬೇಕಾಯಿತು. ಅಷ್ಟರಲ್ಲಿ ದಾನಿಗಳ ಹಣಕಾಸು ವರ್ಷ ಮುಗಿದಿತ್ತು. ಅವರು ಆ ಹಣವನ್ನು ಬೇರೆ ಊರಿಗೆ ಕೊಟ್ಟರು. ಅವರದ್ದೇನೂ ತಪ್ಪಿಲ್ಲ.

ಜಾಗದ ಕಾಗದ ಸರಿ ಇಲ್ಲದಿದ್ದರೆ?

ಎರಡು ದಾರಿ ಇವೆ. ದಾನಿಯ ವಾರಸುದಾರರು ಒಪ್ಪಿದರೆ ಶಾಲೆಯ, ಅಂದರೆ ಶಿಕ್ಷಣ ಇಲಾಖೆಯ ಹೆಸರಿಗೆ ನೋಂದಾಯಿತ ದಾನಪತ್ರ ಮಾಡಿಸಿ. ಒಬ್ಬಿಬ್ಬರು ಸಹಿ ಹಾಕಿದರೆ ಸಾಲದು, ಹಕ್ಕಿರುವ ಎಲ್ಲರೂ ಹಾಕಬೇಕು. ಜಾಗ ಸರ್ಕಾರಿ ಗೋಮಾಳವೋ ಗ್ರಾಮಠಾಣಾವೋ ಆಗಿದ್ದರೆ ತಹಸೀಲ್ದಾರ್ ಕಚೇರಿ ಮತ್ತು ಗ್ರಾಮ ಪಂಚಾಯಿತಿ ಮೂಲಕ ಶಾಲೆಯ ಹೆಸರಿಗೆ ಮಾಡಿಸಿಕೊಳ್ಳಿ. ಸರ್ವೆಯವರಿಂದ ಗಡಿ ಗುರುತು ಮಾಡಿಸಿ ಕಲ್ಲು ನೆಡಿಸಿ. ಆ ಕುಟುಂಬದವರನ್ನು ಮನೆಗೇ ಹೋಗಿ ಮಾತಾಡಿಸಿ, ಅಜ್ಜನ ಹೆಸರನ್ನು ಒಂದು ಕೊಠಡಿಗೆ ಇಡೋಣ ಅಂತ ಹೇಳಿ. ಕೋರ್ಟಿಗಿಂತ ಇದು ಬೇಗ ಕೆಲಸ ಮಾಡುತ್ತದೆ.

ದಾನಿಗಳು ಎಸ್‌ಡಿಎಂಸಿ ಖಾತೆಗೆ ನೇರವಾಗಿ ಡಾಲರ್ ಕಳಿಸಬಹುದಾ?

ಇಲ್ಲ. ಜನ ಹೆಚ್ಚು ಎಡವುವುದೇ ಇಲ್ಲಿ.

ವಿದೇಶಿ ಮೂಲದ ದೇಣಿಗೆಗೆ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ 2010 ಅನ್ವಯಿಸುತ್ತದೆ. ಎಲ್ಲರೂ ಎಫ್‌ಸಿಆರ್‌ಎ ಅನ್ನುವುದು ಇದಕ್ಕೇ. ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಇರುವ ಸಂಸ್ಥೆ ಮಾತ್ರ ಇಂಥ ಹಣ ಪಡೆಯಬಹುದು. ನಿಮ್ಮ ಎಸ್‌ಡಿಎಂಸಿಗೆ ಅದು ಇರುವುದಿಲ್ಲ. 2020ರ ತಿದ್ದುಪಡಿ ಬಂದ ಮೇಲೆ ಹಣ ಮೊದಲು ಬಂದು ಬೀಳಬೇಕಾದ್ದು ನವದೆಹಲಿಯ ಸಂಸದ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ. ಆಮೇಲೆ ಸಂಸ್ಥೆ ಅದನ್ನು ತನ್ನ ಇನ್ನೊಂದು ನಿಗದಿತ ಖಾತೆಗೆ ತಂದುಕೊಂಡು ಖರ್ಚು ಮಾಡಬಹುದು. ಈ ತಿದ್ದುಪಡಿಯನ್ನು ಪ್ರಶ್ನಿಸಿ ಕೆಲವರು ಸುಪ್ರೀಂ ಕೋರ್ಟಿಗೂ ಹೋದರು. 2022ರ ಏಪ್ರಿಲ್‌ನಲ್ಲಿ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಮುಖ್ಯ ಶಿಕ್ಷಕರ ಸ್ವಂತ ಖಾತೆಗೆ ಹಾಕಿಸುವ ಯೋಚನೆಯನ್ನಂತೂ ಬಿಟ್ಟೇಬಿಡಿ. ಸರ್ಕಾರಿ ನೌಕರರು ವಿದೇಶಿ ದೇಣಿಗೆ ಪಡೆಯುವುದೇ ನಿಷಿದ್ಧ. ಒಳ್ಳೆಯ ಮನಸ್ಸಿನ ಮೇಷ್ಟರು ಸುಮ್ನೆ ಸಿಕ್ಕಿಹಾಕಿಕೊಳ್ಳುತ್ತಾರೆ.

ನಾನು ಎನ್‌ಆರ್‌ಐ. ನನ್ನ ಸಂಬಳದ ಹಣವೂ ‘ವಿದೇಶಿ ಹಣ’ವೇ?

ನಿಮ್ಮ ಪಾಸ್‌ಪೋರ್ಟ್ ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಹೊರದೇಶದಲ್ಲಿದ್ದರೂ ನೀವಿನ್ನೂ ಭಾರತದ ಪ್ರಜೆಯಾಗಿದ್ದು, ಸ್ವಂತ ಉಳಿತಾಯದ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ಎಫ್‌ಸಿಆರ್‌ಎ ಲೆಕ್ಕಕ್ಕೆ ಬರುವುದಿಲ್ಲ. ಅಮೆರಿಕದ್ದೋ ಇಂಗ್ಲೆಂಡಿನದ್ದೋ ಪೌರತ್ವ ತೆಗೆದುಕೊಂಡಿದ್ದರೆ ಬರುತ್ತದೆ. ಭಾರತ ಮೂಲದ ಹೊರದೇಶದ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಅಷ್ಟೇ. “ನಾನು ಹುಟ್ಟಿದ್ದೇ ಆ ಊರಲ್ಲಿ” ಅಂದರೆ ಕಾಯ್ದೆ ಕೇಳುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ನೀವು ಭಾರತದ ಪ್ರಜೆಯೇ ಇರಬಹುದು. ಆದರೆ ಅಲ್ಲಿಯ ತೆರಿಗೆ ರಿಯಾಯಿತಿಗಾಗಿ ಅಲ್ಲಿಯ ಚಾರಿಟಿಗೆ ಹಣ ಕೊಟ್ಟು, ಆ ಚಾರಿಟಿ ಇಲ್ಲಿಗೆ ಕಳಿಸಿದರೆ ಅದು ವಿದೇಶಿ ದೇಣಿಗೆಯೇ. ಹತ್ತು ಜನ ಗೆಳೆಯರು ಸೇರಿ ಹಣ ಕೂಡಿಸುವಾಗ ಈ ಎರಡು ಬಗೆಯನ್ನು ಒಂದೇ ಡಬ್ಬಿಗೆ ಹಾಕಬೇಡಿ.

ಹಣ ಬೇಡ, ಕಂಪ್ಯೂಟರ್, ಬೆಂಚು ಕಳಿಸುತ್ತೇವೆ ಅಂದರೆ?

ವಸ್ತುವೂ ವಿದೇಶಿ ದೇಣಿಗೆಯೇ. ಜೊತೆಗೆ ಕಸ್ಟಮ್ಸ್ ತಲೆನೋವು ಬೇರೆ. ಬೆಂಚನ್ನು ತಾಲ್ಲೂಕಿನ ಬಡಗಿ ಹತ್ತಿರ ಮಾಡಿಸಿ, ಊರಿನವರಿಗೂ ನಾಲ್ಕು ದಿನ ಕೆಲಸ ಸಿಗುತ್ತದೆ.

ಬೆಂಗಳೂರಿನ ಒಂದು ಸಂಸ್ಥೆಗೆ ಎಫ್‌ಸಿಆರ್‌ಎ ಇದೆ. ಅವರು ಹಣ ಪಡೆದು ನಮ್ಮ ಹಳೆ ವಿದ್ಯಾರ್ಥಿಗಳ ಸಂಘಕ್ಕೆ ವರ್ಗಾಯಿಸಬಹುದಲ್ವಾ?

2020ರ ತನಕ, ಪಡೆಯುವವರಿಗೂ ಎಫ್‌ಸಿಆರ್‌ಎ ಇದ್ದರೆ, ಆಗುತ್ತಿತ್ತು. ಈಗ ಆಗುವುದಿಲ್ಲ. ವಿದೇಶಿ ದೇಣಿಗೆಯನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವುದನ್ನೇ ನಿಷೇಧಿಸಿದ್ದಾರೆ. ಆದರೆ ಆ ಸಂಸ್ಥೆಯೇ ಕಟ್ಟಿಸಬಹುದು. ಅವರೇ ಕಂತ್ರಾಟು ಕೊಟ್ಟು, ಅವರೇ ಬಿಲ್ ಪಾವತಿಸಿ, ಕೊನೆಗೆ ಕಟ್ಟಡವನ್ನು ಇಲಾಖೆಗೆ ಒಪ್ಪಿಸುವುದು. ಈಗ ನಡೆಯುತ್ತಿರುವುದು ಹೀಗೆಯೇ. ನಿಮ್ಮ ಸಂಘ ಕಾಗದಪತ್ರ, ಉಸ್ತುವಾರಿ, ಊರಿನ ಒಪ್ಪಿಗೆ ನೋಡಿಕೊಳ್ಳಲಿ. ಹಣ ಮುಟ್ಟದಿರುವುದೇ ನೆಮ್ಮದಿ, ನನ್ನನ್ನು ಕೇಳಿದರೆ.

ಅವರ ಆಡಳಿತ ಖರ್ಚಿಗೂ ಮಿತಿ ಇದೆ. ವರ್ಷದಲ್ಲಿ ಬಂದ ವಿದೇಶಿ ದೇಣಿಗೆಯ ಶೇ. 20 ದಾಟಬಾರದು. ಮುಂಚೆ ಇದು ಶೇ. 50 ಇತ್ತು.

ನಮ್ಮದೇ ಟ್ರಸ್ಟ್ ಮಾಡಿ ಎಫ್‌ಸಿಆರ್‌ಎ ತೆಗೆದುಕೊಂಡರೆ?

ಒಂದು ಶಾಲೆಗಾಗಿ ಬೇಡ. ನೋಂದಣಿಗೆ ಸಂಸ್ಥೆ ಹುಟ್ಟಿ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ ಕನಿಷ್ಠ 15 ಲಕ್ಷ ರೂಪಾಯಿ ಉದ್ದೇಶಕ್ಕೆ ಖರ್ಚು ಮಾಡಿರಬೇಕು. ಸಿಕ್ಕ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಲೆಕ್ಕ ಸಲ್ಲಿಸಬೇಕು. ಒಬ್ಬ ನಿರ್ದಿಷ್ಟ ದಾನಿಯಿಂದ ನಿರ್ದಿಷ್ಟ ಮೊತ್ತ ಪಡೆಯಲು ಪೂರ್ವಾನುಮತಿ ಅಂತ ಇನ್ನೊಂದು ದಾರಿ ಇದೆ. ಅದಕ್ಕೂ ಕಾಯುವ ತಾಳ್ಮೆ ಬೇಕು.

ಸರಿ, ಹಣ ಕೊಡುವವರು ಎಲ್ಲಿ ಸಿಗುತ್ತಾರೆ?

ಮೊದಲು ನಿಮ್ಮ ಶಾಲೆಯ ಹಳೆಯ ಹಾಜರಿ ಪುಸ್ತಕ ತೆಗೆಯಿರಿ. ನಿಜವಾಗಿ ಹೇಳುತ್ತಿದ್ದೇನೆ. ಒಂದೂರಿನಲ್ಲಿ 1980ರ ದಶಕದ ಪುಸ್ತಕ ಹಿಡಿದು ಕೂತೆವು. “ಇವನು ಈಗ ಎಲ್ಲಿದ್ದಾನೆ” ಅಂತ ಕೇಳುತ್ತ ಹೋದರೆ ಸಂಜೆಯೊಳಗೆ ಮೂರು ದೇಶದ ಫೋನ್ ನಂಬರ್ ಸಿಕ್ಕವು. ಅವರು ಕೆಲಸ ಮಾಡುವ ಕಂಪನಿ, ಅವರ ಊರಿನ ಕನ್ನಡ ಸಂಘ, ಅವರ ಪರಿಚಯದ ಚಾರಿಟಿ, ಹೀಗೆ ದಾರಿ ತೆರೆದುಕೊಳ್ಳುತ್ತದೆ.

ಸಂಸ್ಥೆಗಳ ಬಗ್ಗೆ ಹೇಳುವುದಾದರೆ, ಅಮೆರಿಕದಲ್ಲಿ ನೆಲೆಸಿದ ಭಾರತೀಯರು ಶುರುಮಾಡಿದ ‘ಒನ್ ಸ್ಕೂಲ್ ಅಟ್ ಎ ಟೈಮ್’, ನಾವೆಲ್ಲ ಓಸಾಟ್ ಅನ್ನುವುದು, ಕರ್ನಾಟಕದ ಹಳ್ಳಿ ಶಾಲೆಗಳ ಕಟ್ಟಡವನ್ನೇ ಮುಖ್ಯ ಕೆಲಸ ಮಾಡಿಕೊಂಡಿದೆ. 1991ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಶುರುಮಾಡಿದ ‘ಆಶಾ ಫಾರ್ ಎಜುಕೇಶನ್’ ಭಾರತದ ಶಿಕ್ಷಣ ಯೋಜನೆಗಳಿಗೆ ನೆರವು ಕೊಡುತ್ತದೆ. ರೋಟರಿ ಫೌಂಡೇಶನ್‌ನಲ್ಲಿ ಗ್ಲೋಬಲ್ ಗ್ರಾಂಟ್ ಇದೆ. ಅದಕ್ಕೆ ಎರಡು ದೇಶದ ಕ್ಲಬ್‌ಗಳು ಕೈಜೋಡಿಸಬೇಕು, ಯೋಜನೆಯ ಮೊತ್ತ ಕನಿಷ್ಠ 30,000 ಡಾಲರ್ ಇರಬೇಕು. ಗೋಡೆಗೆ ಕೊಡುತ್ತಾರಾ, ಬರೀ ಬೆಂಚು, ಶೌಚಾಲಯ, ಪ್ರಯೋಗಾಲಯಕ್ಕಾ ಅಂತ ಆ ವರ್ಷದ ನಿಯಮ ಕೇಳಿಕೊಂಡೇ ಮುಂದುವರಿಯಿರಿ. ಜಪಾನ್ ಸರ್ಕಾರವೂ ತನ್ನ ರಾಯಭಾರ ಕಚೇರಿಗಳ ಮೂಲಕ ತಳಮಟ್ಟದ ಸಣ್ಣ ಯೋಜನೆಗಳಿಗೆ ಅನುದಾನ ಕೊಡುತ್ತದೆ. ಬೇರೆ ಬೇರೆ ದೇಶಗಳಲ್ಲಿ ಆ ಹಣದಿಂದ ಶಾಲೆಗಳು ಎದ್ದಿವೆ.

ಅವರು ಏನೇನು ಕೇಳುತ್ತಾರೆ?

ಶಾಲೆಯ ಯುಡೈಸ್ ಸಂಖ್ಯೆ ಮೊದಲು, ಅಂದರೆ ದೇಶದ ಪ್ರತಿ ಶಾಲೆಗೂ ಸರ್ಕಾರ ಕೊಟ್ಟಿರುವ ಗುರುತಿನ ಸಂಖ್ಯೆ. ನಮ್ಮ ರಾಜ್ಯದ್ದು 29ರಿಂದ ಶುರುವಾಗುವ ಹನ್ನೊಂದು ಅಂಕಿ. ಅದನ್ನು ಹಾಕಿದರೆ ಮಕ್ಕಳೆಷ್ಟು, ಶಿಕ್ಷಕರೆಷ್ಟು, ಕೊಠಡಿ ಎಷ್ಟು ಅಂತ ಅವರು ಅಲ್ಲಿಂದಲೇ ನೋಡಿಕೊಳ್ಳುತ್ತಾರೆ. ನೀವು 120 ಮಕ್ಕಳು ಅಂತ ಬರೆದು ಅಲ್ಲಿ 74 ಇದ್ದರೆ ಕಥೆ ಅಲ್ಲಿಗೇ ಮುಗಿಯಿತು. ಆಮೇಲೆ ಜಾಗದ ಕಾಗದ, ಎಸ್‌ಡಿಎಂಸಿ ನಡಾವಳಿಯ ಪ್ರತಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಒಪ್ಪಿಗೆ ಪತ್ರ, ಕಟ್ಟಡ ಶಿಥಿಲವಾಗಿದೆ ಅನ್ನುವ ಇಂಜಿನಿಯರ್ ವರದಿ, ನಕ್ಷೆ, ಅಂದಾಜು ಪಟ್ಟಿ.

ಇಷ್ಟೆಲ್ಲ ಯಾಕೆ ಅಂತ ಊರಿನವರಿಗೆ ಸಿಟ್ಟು ಬರುತ್ತದೆ. ಆದರೆ ಇಂಗ್ಲೆಂಡಿನ ಚಾರಿಟಿಯ ಟ್ರಸ್ಟಿಗಳು ಹೊರದೇಶಕ್ಕೆ ಹೋದ ಹಣಕ್ಕೂ ತಮ್ಮ ಚಾರಿಟಿ ಕಮಿಷನ್‌ಗೆ ಉತ್ತರ ಹೇಳಬೇಕು. ಅಲ್ಲಿ ಗಿಫ್ಟ್ ಏಡ್ ಅಂತ ಇದೆ. ದಾನಿ ಒಂದು ಪೌಂಡ್ ಕೊಟ್ಟರೆ ಸರ್ಕಾರ 25 ಪೆನ್ಸ್ ಸೇರಿಸುತ್ತದೆ. ಅಂದರೆ ನಿಮ್ಮ ಗೋಡೆಯಲ್ಲಿ ಅಲ್ಲಿಯ ತೆರಿಗೆಯ ದುಡ್ಡೂ ಇದೆ. ಕೇಳದೆ ಇರುತ್ತಾರಾ?

ಒಂದು ಕೊಠಡಿಗೆ ಎಷ್ಟು ಖರ್ಚಾಗುತ್ತದೆ?

ಅಳತೆಗೋಲು ಬೇಕಿದ್ದರೆ ಸರ್ಕಾರದ್ದೇ ಲೆಕ್ಕ ನೋಡಿ. 2022ರ ನವೆಂಬರ್‌ನಲ್ಲಿ ಚಾಲನೆ ಸಿಕ್ಕ ವಿವೇಕ ಯೋಜನೆಯಲ್ಲಿ 7,601 ಕೊಠಡಿಗಳಿಗೆ ಸುಮಾರು 992 ಕೋಟಿ ರೂಪಾಯಿ ಇಟ್ಟಿದ್ದರು. ಭಾಗಿಸಿದರೆ ಒಂದಕ್ಕೆ 13 ಲಕ್ಷ ಚಿಲ್ಲರೆ. ಇದು ಆಗಿನ ದರ, ಬರೀ ಕೊಠಡಿಯದು. ಮಲೆನಾಡಿಗೆ ಸಾಗಾಟ ಜಾಸ್ತಿ, ಎರೆಮಣ್ಣಿನ ಸೀಮೆಯಲ್ಲಿ ಪಾಯ ಜಾಸ್ತಿ.

ನಿಮ್ಮ ಹತ್ತಿರ ಹಳೆಯ ಅಂದಾಜು ಪಟ್ಟಿ ಇದ್ದರೆ ಅದನ್ನು ಹೊಸದಾಗಿ ಮಾಡಿಸಿ. ಸಿಮೆಂಟಿನ ಜಿಎಸ್‌ಟಿಯೇ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ಕೂಲಿ ಮಾತ್ರ ಇಳಿಯುವ ಮಾತೇ ಇಲ್ಲ.

ಯಾರಾದರೂ ಆರು ಲಕ್ಷಕ್ಕೆ ಮುಗಿಸಿಕೊಡುತ್ತೇನೆ ಅಂದರೆ ಕಬ್ಬಿಣ ಎಷ್ಟು ಹಾಕುತ್ತೀರಿ ಅಂತ ಕೇಳಿ.

ಹಳೆಯ ಕಟ್ಟಡ ಕೆಡವಲೇಬೇಕಾ?

ದಾನಿಗಳಿಗೆ ಹೊಸ ಕಟ್ಟಡದ ಮೇಲೆ ಆಸೆ. ಊರಿಗೂ ಆರ್‌ಸಿಸಿ ಮೇಲೆ ಮೋಹ. ಆದರೆ ನಾನು ನೋಡಿದ ಎಷ್ಟೋ ಕಡೆ ಗೋಡೆ ಗಟ್ಟಿಯಾಗಿಯೇ ಇತ್ತು, ಹಾಳಾಗಿದ್ದು ಮಾಡು ಮಾತ್ರ. ದಪ್ಪ ಕಲ್ಲಿನ ಗೋಡೆ, ಮೇಲೆ ಮಂಗಳೂರು ಹೆಂಚು. ಹೆಂಚು ಹೊರುವ ಮರದ ಪಕಾಸು, ರೀಪು ಬದಲಿಸಿ ಹೆಂಚು ತಿರುವಿ ಹಾಕಿದರೆ ಇನ್ನೂ ಮೂವತ್ತು ವರ್ಷ ಬಾಳುತ್ತದೆ. ಬೇಸಿಗೆಯಲ್ಲಿ ತಂಪು. ಮಳೆ ಬಿದ್ದಾಗ ತಗಡಿನ ಹಾಗೆ ಗದ್ದಲ ಇಲ್ಲ, ಮೇಷ್ಟರ ಮಾತು ಕೇಳಿಸುತ್ತದೆ.

ಒಂದು ತಮಾಷೆ ಅಂದರೆ, ಆ ‘ದೇಶಿ’ ಹೆಂಚು ಬಂದಿದ್ದೂ ಹೊರಗಿನವರ ಕೈಯಿಂದಲೇ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ್ದರು.

ಮಾಡು ಬದಲಿಸುವಾಗ ಕಲ್ನಾರಿನ (ಆಸ್‌ಬೆಸ್ಟಾಸ್) ಶೀಟು ಮಾತ್ರ ಹಾಕಬೇಡಿ. ಇಲ್ಲಿ ಇನ್ನೂ ಮಾರುತ್ತಾರೆ, ನಿಜ. ಬ್ರಿಟನ್ 1999ರಲ್ಲೇ ಅದನ್ನು ಪೂರ್ತಿ ನಿಷೇಧಿಸಿತು. ಅಲ್ಲಿಯ ದಾನಿ ಫೋಟೋದಲ್ಲಿ ಆ ಶೀಟು ಕಂಡರೆ ಗಾಬರಿಯಾಗುತ್ತಾನೆ.

ಗೋಡೆಯೇ ಬಿರಿದಿದ್ದರೆ, ಪಾಯ ಕುಸಿದಿದ್ದರೆ, ಸ್ಲ್ಯಾಬಿನ ಕಬ್ಬಿಣ ತುಕ್ಕು ಹಿಡಿದು ಸಿಮೆಂಟು ಉದುರುತ್ತಿದ್ದರೆ ಕೆಡವಿ. ಆಗ ಭಾವನೆಗೆ ಜಾಗ ಬೇಡ.

ಕೆಡವಲು ಯಾರನ್ನು ಕೇಳಬೇಕು?

ಸರ್ಕಾರಿ ಕಟ್ಟಡ, ಹಾಗಾಗಿ ಜೆಸಿಬಿ ತಂದು ನೀವೇ ಕೆಡವುವಂತಿಲ್ಲ. ಲೋಕೋಪಯೋಗಿ ಅಥವಾ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದವರು ನೋಡಿ ಶಿಥಿಲ ಅಂತ ಬರೆದುಕೊಡಬೇಕು. ಆಮೇಲೆ ಇಲಾಖೆಯ ಅನುಮತಿ. ಹಳೆಯ ಹೆಂಚು, ತೊಲೆ, ಕಿಟಕಿ ಹರಾಜಾಗಿ ಆ ಹಣ ಲೆಕ್ಕಕ್ಕೆ ಬರಬೇಕು. ಸಾಗುವಾನಿ ತೊಲೆಗಳು ರಾತ್ರೋರಾತ್ರಿ ಕಾಲು ಬಂದು ನಡೆದುಹೋದ ಊರುಗಳಿವೆ. ಎಣಿಸಿ, ಫೋಟೋ ತೆಗೆದು, ನಡಾವಳಿಯಲ್ಲಿ ಬರೆಸಿ.

ಎಷ್ಟು ಕೊಠಡಿ ಕಟ್ಟಬೇಕು?

ಈ ಪ್ರಶ್ನೆಯನ್ನು ಜನ ಬೇಗ ದಾಟಿಬಿಡುತ್ತಾರೆ. ಹಾಗೆ ಮಾಡಬೇಡಿ.

ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಬ್ಬ ಶಿಕ್ಷಕರಿಗೆ ಕನಿಷ್ಠ ಒಂದು ಕೊಠಡಿ. ಜೊತೆಗೆ ಕಚೇರಿ, ಉಗ್ರಾಣ, ಮುಖ್ಯ ಶಿಕ್ಷಕರ ಕೋಣೆ ಎಲ್ಲ ಸೇರಿ ಇನ್ನೊಂದು. ಕಿರಿಯ ಪ್ರಾಥಮಿಕದಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು. ಅಂದರೆ 40 ಮಕ್ಕಳ ಶಾಲೆಗೆ ಐದು ತರಗತಿ ಇದೆ ಅಂತ ಐದು ಕೊಠಡಿ ಕಟ್ಟಿದರೆ ಮೂರಕ್ಕೆ ಬೀಗ ಬೀಳುತ್ತದೆ.

ಐದು ವರ್ಷದ ದಾಖಲಾತಿ ಪಟ್ಟಿ ಬರೆದು ನೋಡಿ. ಅಂಗನವಾಡಿಗೆ ಹೋಗಿ ಎಷ್ಟು ಮಕ್ಕಳಿದ್ದಾರೆ ಅಂತ ಎಣಿಸಿ. ಅವರೇ ನಾಳೆಯ ಒಂದನೇ ತರಗತಿ. ಪಟ್ಟಣದ ಕಾನ್ವೆಂಟಿನ ವ್ಯಾನು ಬೆಳಿಗ್ಗೆ ಊರಿಂದ ಎಷ್ಟು ಮಕ್ಕಳನ್ನು ತುಂಬಿಕೊಂಡು ಹೋಗುತ್ತದೆ ಅಂತಲೂ ನೋಡಿ. ಹೊಸ ಕಟ್ಟಡ ಕಂಡು ಆ ವ್ಯಾನಿನಿಂದ ಕೆಲವರು ವಾಪಸ್ ಬರುವುದುಂಟು. ಆದರೆ ಬಂದ ಮಕ್ಕಳು ಉಳಿಯುವುದು ಶಿಕ್ಷಕರಿದ್ದರೆ. ಎರಡು ಹುದ್ದೆ ಖಾಲಿ ಇರುವ ಶಾಲೆಗೆ ನಾಲ್ಕು ಕೊಠಡಿ ಕೊಡುವ ದಾನಿಗೆ ನಾನು ನೇರವಾಗಿಯೇ ಹೇಳುತ್ತೇನೆ, ಮೊದಲು ಬಿಇಒ ಕಚೇರಿಗೆ ಹೋಗಿ ಶಿಕ್ಷಕರ ಬಗ್ಗೆ ಮಾತಾಡೋಣ ಅಂತ.

ಕಟ್ಟುವುದು ಯಾರು? ಊರಿನ ಮೇಸ್ತ್ರಿಗೆ ಕೊಡಬಹುದಾ?

ಮೇಸ್ತ್ರಿ ಒಳ್ಳೆಯವನಾಗಿದ್ದರೆ ಕೊಡಬಹುದು. ಆದರೆ ನಕ್ಷೆ, ಕಬ್ಬಿಣದ ಲೆಕ್ಕ ಇಂಜಿನಿಯರದ್ದೇ ಇರಬೇಕು. ಸರ್ಕಾರದ ಬೆಂಬಲದ ನಿರ್ಮಿತಿ ಕೇಂದ್ರಗಳೂ ಶಾಲೆ ಕಟ್ಟಿಕೊಡುತ್ತವೆ. ದಾನಿ ಸಂಸ್ಥೆಗೆ ತನ್ನದೇ ಗುತ್ತಿಗೆದಾರ ಇದ್ದರೆ ಊರಿನ ಕೂಲಿಯವರಿಗೆ ಕೆಲಸ ಕೊಡಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಎಸ್‌ಡಿಎಂಸಿ ಸದಸ್ಯರ ಅಳಿಯನಿಗೋ ಭಾಮೈದನಿಗೋ ಗುತ್ತಿಗೆ ಬೇಡ. ಅವನು ಪ್ರಾಮಾಣಿಕನಾಗಿದ್ದರೂ ಬೇಡ.

ನಮ್ಮದು ಎರೆಮಣ್ಣಿನ ಊರು. ಏನಾದರೂ ಬೇರೆ ಮಾಡಬೇಕಾ?

ಖಂಡಿತ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಪಾಯ ಮೇಲಿದ್ದರೆ ಅದರ ಜೊತೆ ಗೋಡೆಯೂ ಏರಿಳಿಯುತ್ತದೆ. ವಿಜಯಪುರ, ಗದಗ, ಕಲಬುರಗಿ ಕಡೆಯ ಶಾಲೆಗಳಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಡುವ ಬಿರುಕು ನೋಡಿರುತ್ತೀರಿ. ಅದರ ಮೂಲ ಇದೇ. ಗಟ್ಟಿ ಮಣ್ಣು ಸಿಗುವ ತನಕ ಇಳಿಯಬೇಕು. ಇಲ್ಲವೇ ತಳದಲ್ಲಿ ಗೆಡ್ಡೆಯಂತೆ ಅಗಲವಾಗುವ ಕಿರುಕಂಬಗಳನ್ನು ಇಳಿಸಿ ಮೇಲೆ ಬೀಮ್ ಕಟ್ಟಬೇಕು. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯವರು ಇಂಥ ಮಣ್ಣಿಗೆಂದೇ ಬೆಳೆಸಿದ ಪದ್ಧತಿ ಇದು. ಖರ್ಚು ಜಾಸ್ತಿ, ಆದರೆ ಈ ದುಡ್ಡು ಮಣ್ಣಲ್ಲಿ ಹೂತುಹೋಗುತ್ತದೆ ಅಂತ ಅಳಬೇಡಿ. ಕಟ್ಟಡದ ಸುತ್ತ ನೀರು ನಿಲ್ಲದ ಹಾಗೆ ಕಲ್ಲುಹಾಸು ಹಾಕಿ, ಹತ್ತಿರದಲ್ಲಿ ದೊಡ್ಡ ಮರ ನೆಡಬೇಡಿ.

ಭೂಕಂಪ ನಮ್ಮ ಕಡೆ ಆಗುವುದಿಲ್ಲವಲ್ಲ?

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಭೂಕಂಪವಾದಾಗ ಮಹಾರಾಷ್ಟ್ರದ ಕಿಲ್ಲಾರಿಯವರೂ ಹೀಗೇ ಅಂದುಕೊಂಡು ಮಲಗಿದ್ದರು. ಅದು ನಮ್ಮ ಬೀದರ್, ಕಲಬುರಗಿ ಗಡಿಯಿಂದ ದೂರವೇನಲ್ಲ. ನೇಪಾಳದಲ್ಲಿ 2015ರ ಏಪ್ರಿಲ್ 25ರ ಭೂಕಂಪದಲ್ಲಿ ಸಾವಿರಾರು ಶಾಲಾ ಕೊಠಡಿಗಳು ಬಿದ್ದವು. ಅಂದು ಶನಿವಾರ, ಅಲ್ಲಿ ವಾರದ ರಜೆ. ಮಕ್ಕಳು ಒಳಗಿರಲಿಲ್ಲ, ಅಷ್ಟೇ ಪುಣ್ಯ. ಅಲ್ಲಿಗೆ ಆಮೇಲೆ ಹಲವು ದೇಶಗಳ ನೆರವು ಹರಿದು ಬಂದಾಗ ಎಲ್ಲರೂ ಮೊದಲು ಒತ್ತಿ ಹೇಳಿದ್ದು ಕಂಪನ ತಡೆಯುವ ಕಟ್ಟಡ ಬೇಕು ಅಂತ.

ಇದಕ್ಕೆ ದೊಡ್ಡ ಖರ್ಚಿಲ್ಲ. ತಳಪಾಯದ ಮೇಲೆ, ಬಾಗಿಲು ಕಿಟಕಿಗಳ ಮೇಲೆ, ಮಾಡಿನ ಕೆಳಗೆ ಗೋಡೆಯ ಸುತ್ತ ಮುರಿಯದೆ ಹೋಗುವ ಕಾಂಕ್ರೀಟ್ ಪಟ್ಟಿ. ಸೊಂಟಕ್ಕೆ ಡಾಬು ಕಟ್ಟಿದ ಹಾಗೆ. ಮೂಲೆಗಳಲ್ಲಿ ನಿಂತ ಕಬ್ಬಿಣ. ಇಂಜಿನಿಯರ್‌ಗೆ ಭೂಕಂಪ ತಾಳುವ ಕಟ್ಟಡದ ಮಾನಕ ಐಎಸ್ 4326 ಅಂತ ಹೇಳಿ, ಅವರಿಗೆ ಗೊತ್ತಾಗುತ್ತದೆ.

ಬೆಂಕಿಯನ್ನೂ ಮರೆಯಬೇಡಿ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯಲ್ಲಿ ಅಡುಗೆಮನೆಯ ಕಿಡಿ ಗರಿಯ ಮಾಡಿಗೆ ತಗುಲಿ 94 ಮಕ್ಕಳು ಸತ್ತರು. 2009ರಲ್ಲಿ ಸುಪ್ರೀಂ ಕೋರ್ಟ್ ದೇಶದ ಎಲ್ಲ ಶಾಲೆಗಳಿಗೂ ಸುರಕ್ಷತೆಯ ನಿರ್ದೇಶನ ಕೊಟ್ಟಿತು. ಬಿಸಿಯೂಟದ ಅಡುಗೆಮನೆ ತರಗತಿಯಿಂದ ದೂರ ಇರಲಿ, ಬಾಗಿಲು ಹೊರಕ್ಕೆ ತೆರೆಯಲಿ.

ನಾವ್ಯಾರೂ ಇಂಜಿನಿಯರ್ ಅಲ್ಲ. ಕೆಲಸ ಸರಿಯಾಗಿ ನಡೆಯುತ್ತಿದೆ ಅಂತ ತಿಳಿಯುವುದು ಹೇಗೆ?

ನೀರು ನೋಡಿ. ಕಾಂಕ್ರೀಟಿಗೆ ಕನಿಷ್ಠ ಏಳು ದಿನ, ಈಗ ಹೆಚ್ಚು ಸಿಗುವ ಪಿಪಿಸಿ (ಬೂದಿ ಬೆರೆಸಿದ) ಸಿಮೆಂಟಾದರೆ ಹತ್ತು ದಿನ ಕ್ಯೂರಿಂಗ್, ಅಂದರೆ ನೀರುಣಿಸುವುದು, ಆಗಬೇಕು, ಸುಡು ಬಿಸಿಲಿನ ಸೀಮೆಯಲ್ಲಿ ಇನ್ನೂ ಜಾಸ್ತಿ. ಗುತ್ತಿಗೆದಾರ ಮೂರನೇ ದಿನಕ್ಕೆ ಮರೆಯುತ್ತಾನೆ. ಶಾಲೆಯ ಎದುರು ಮನೆಯ ಅಜ್ಜಿಗೆ ಪೈಪು ಕೊಟ್ಟು ನೋಡಿ, ಒಂದು ಹೊತ್ತೂ ತಪ್ಪಿಸುವುದಿಲ್ಲ. ಒಂದೂರಲ್ಲಿ ಹೀಗೇ ಮಾಡಿದೆವು. ಆ ಅಜ್ಜಿ ಈಗಲೂ ಅದನ್ನು ‘ನನ್ನ ಸ್ಲ್ಯಾಬು’ ಅಂತಲೇ ಕರೆಯುತ್ತಾರೆ.

ಸ್ಲ್ಯಾಬಿನ ಕೆಳಗೆ ಆಧಾರಕ್ಕೆ ಕಟ್ಟಿದ ಸೆಂಟ್ರಿಂಗ್ ಬೇಗ ಬಿಚ್ಚಲು ಬಿಡಬೇಡಿ. ಇಪ್ಪತ್ತು ಅಡಿ ಅಗಲದ ಕೊಠಡಿಯ ಸ್ಲ್ಯಾಬಿಗೆ ಊರುಗಂಬಗಳು ಹದಿನಾಲ್ಕು ದಿನವಾದರೂ ನಿಲ್ಲಬೇಕು. ಸ್ಲ್ಯಾಬ್ ಹಾಕುವ ಮುಂಚೆ ಕಬ್ಬಿಣದ ಫೋಟೋ ತೆಗೆದು ಇಂಜಿನಿಯರ್‌ಗೆ ಕಳಿಸಿ. ಕಾಂಕ್ರೀಟ್ ಬಿದ್ದ ಮೇಲೆ ಒಳಗೇನಿದೆ ಅಂತ ದೇವರೇ ಬಲ್ಲ.

ಕೆಲಸ ಯಾವಾಗ ಶುರುಮಾಡಬೇಕು? ಅಲ್ಲಿಯವರೆಗೆ ಮಕ್ಕಳು ಎಲ್ಲಿ?

ದಸರಾ ರಜೆಯ ಸುಮಾರಿಗೆ ಪಾಯ, ಯುಗಾದಿಯೊಳಗೆ ಸ್ಲ್ಯಾಬ್, ಬೇಸಿಗೆ ರಜೆಯಲ್ಲಿ ಗಾರೆ, ನೆಲ, ಬಣ್ಣ. ಮುಂಗಾರಿಗೆ ಮುಂಚೆ ಮಾಡು ಮುಚ್ಚಿರಲೇಬೇಕು. ಮಕ್ಕಳನ್ನು ಸಮುದಾಯ ಭವನದಲ್ಲಿ, ಗುಡಿಯ ಪೌಳಿಯಲ್ಲಿ ಕೂರಿಸಬಹುದು. ಆದರೆ ಊರಿನ ಎಲ್ಲ ಮಕ್ಕಳೂ ಹಿಂಜರಿಯದೆ ಒಳಗೆ ಬರುವ ಜಾಗವೇ ಆಗಿರಬೇಕು. ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ.

ಶೌಚಾಲಯ, ನೀರು, ಕಾಂಪೌಂಡ್?

ಇವು ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ, ಹಾಗಾಗಿ ದಾನಿಗಳ ಪಟ್ಟಿಯಲ್ಲಿ ಕೊನೆಗೆ ಬರುತ್ತವೆ. ನೀವು ಮೊದಲಿಗೆ ಹಾಕಿ. ಏಳನೇ ತರಗತಿಯ ಹೆಣ್ಣುಮಕ್ಕಳು ಶಾಲೆ ಬಿಡದಿರಲು ನಾಲ್ಕನೇ ಕೊಠಡಿಗಿಂತ ನೀರಿರುವ ಶೌಚಾಲಯ ಮುಖ್ಯ. ಗಾಲಿಕುರ್ಚಿ ಹತ್ತುವ ಇಳಿಜಾರು ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು. ಎಷ್ಟೋ ಶಾಲೆಗಳಲ್ಲಿ ಅದು ಜಾರುಬಂಡೆಯಂತಿದೆ. ಕಾಂಪೌಂಡಿಗೆ ವಿದೇಶದ ಹಣ ಯಾಕೆ? ಉದ್ಯೋಗ ಖಾತರಿಯಲ್ಲಿ ರಾಜ್ಯದ ಎಷ್ಟೋ ಶಾಲೆಗಳಿಗೆ ಗೋಡೆ ಎದ್ದಿದೆ. ಪಂಚಾಯಿತಿಯಲ್ಲಿ ಮೊದಲು ಕೇಳಿ.

ಹಣ ಒಂದೇ ಸಲ ಬರುತ್ತದಾ?

ಬರಬಾರದು. ಪಾಯ, ಲಿಂಟಲ್, ಸ್ಲ್ಯಾಬ್, ಮುಕ್ತಾಯ, ಹೀಗೆ ಹಂತಕ್ಕೊಂದು ಕಂತು. ಕೊನೆಗೆ ಸ್ವಲ್ಪ ಹಿಡಿದಿಟ್ಟುಕೊಂಡು ಒಂದು ಮಳೆಗಾಲ ಕಳೆದ ಮೇಲೆ ಕೊಡಿ. ಸೋರುತ್ತದೋ ಇಲ್ಲವೋ ಆಗ ಗೊತ್ತಾಗುತ್ತದೆ. ಒಪ್ಪಂದ ಡಾಲರಿನಲ್ಲಿದ್ದರೆ ರೂಪಾಯಿ ಏರಿಳಿತದ ನಷ್ಟ ಯಾರದ್ದು ಅಂತಲೂ ಬರೆದುಕೊಳ್ಳಿ.

ದಾನಿಗಳ ಹೆಸರು ಹಾಕಬಹುದಾ? ಉದ್ಘಾಟನೆಗೆ ಯಾರನ್ನು ಕರೆಯಬೇಕು?

ಬಾಗಿಲ ಪಕ್ಕ ಒಂದು ಸಣ್ಣ ಕಲ್ಲು ಸಾಕು. ಗೋಡೆ ತುಂಬ ಲೋಗೋ ಬೇಡ, ಅದು ಸರ್ಕಾರಿ ಶಾಲೆ. ಉದ್ಘಾಟನೆಯ ವಿಷಯ ಬೇರೆ. ಆಹ್ವಾನ ಪತ್ರಿಕೆಯಲ್ಲಿ ಯಾರ ಹೆಸರು ಮೇಲೆ, ಯಾರದ್ದು ಕೆಳಗೆ ಅಂತ ಶಿಷ್ಟಾಚಾರ ಇದೆ. ಶಾಸಕರ ಹೆಸರು ಬಿಟ್ಟುಹೋಗಿ ಕಾರ್ಯಕ್ರಮವೇ ನಿಂತದ್ದನ್ನು ನೋಡಿದ್ದೇನೆ. ಲಂಡನ್ನಿನಿಂದ ಬಂದವರು ಟೇಪು ಕತ್ತರಿಸದೆ ವಾಪಸ್ ಹೋದರು. ಪತ್ರಿಕೆ ಮುದ್ರಿಸುವ ಮುಂಚೆ ಬಿಇಒ ಕಚೇರಿಗೆ ತೋರಿಸಿ.

ಮಕ್ಕಳ ಫೋಟೋ ಕಳಿಸಿ ಅಂತ ಕೇಳುತ್ತಿದ್ದಾರೆ.

ಪೋಷಕರನ್ನು ಕೇಳಿ ಕಳಿಸಿ. ಹೆಸರು, ಮನೆ ವಿವರ ಬೇಡ. ಹರಿದ ಅಂಗಿ ಹುಡುಕಿ ನಿಲ್ಲಿಸಿ ತೆಗೆಯಬೇಡಿ. ಒಬ್ಬರು ಹಾಗೆ ಕೇಳಿದ್ದರು. ಹುಡುಗಿಯ ತಾಯಿ ಒಳಗೆ ಹೋಗಿ ಹಬ್ಬದ ಲಂಗ ಹಾಕಿಸಿಕೊಂಡು ಬಂದರು. ಫೋಟೋ ಚೆನ್ನಾಗಿ ಬಂತು.

ದಾನಿಗಳ ಕಡೆಯ ಹುಡುಗರು ಬಂದು ಗೋಡೆಗೆ ಬಣ್ಣ ಹೊಡೆಯುತ್ತಾರಂತೆ?

ಬರಲಿ, ವೀಸಾ ಸರಿ ಇದ್ದರೆ. ಮಕ್ಕಳಿಗೆ ಖುಷಿಯಾಗುತ್ತದೆ. ಎರಡನೇ ಕೋಟನ್ನು ನಮ್ಮ ಪೇಂಟರ್ ಕೈಲಿ ಹೊಡೆಸಿ.

ಇದೆಲ್ಲ ಸರ್ಕಾರ ಮಾಡಬೇಕಾದ ಕೆಲಸ ಅಲ್ವಾ?

ಹೌದು. ಕೊಠಡಿ ಕೊಡುವುದು ಸರ್ಕಾರದ ಹೊಣೆ ಅಂತ ಕಾಯ್ದೆಯೇ ಹೇಳುತ್ತದೆ. ಅದಕ್ಕೇ ಹೊರಗಿನ ಹಣ ಬಂತು ಅಂತ ಇಲಾಖೆಗೆ ಕೊಟ್ಟ ಅರ್ಜಿ ವಾಪಸ್ ತೆಗೆದುಕೊಳ್ಳಬೇಡಿ. ಎರಡು ಕೊಠಡಿ ದಾನಿಗಳು ಕೊಟ್ಟರೆ ಮೂರನೆಯದನ್ನು ಇಲಾಖೆಯಿಂದ ಕೇಳಿ. ನಾವು ಕೇಳುವುದನ್ನು ಬಿಟ್ಟ ದಿನ ಅವರೂ ಮರೆಯುತ್ತಾರೆ.

ಕಟ್ಟಿದ ಮೇಲೆ ನೋಡಿಕೊಳ್ಳುವುದು ಯಾರು?

ದಾನಿಗಳು ಬರುವುದಿಲ್ಲ, ಇದನ್ನು ಮೊದಲೇ ಊರಿಗೆ ಹೇಳಿ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಗೆ ವರ್ಷಕ್ಕೊಂದು ಅನುದಾನ ಇದೆ. ಮಾರ್ಗಸೂಚಿ ಪ್ರಕಾರ 30 ಮಕ್ಕಳವರೆಗೆ 10,000 ರೂಪಾಯಿ, ಅಲ್ಲಿಂದ 100ರವರೆಗೆ 25,000. ಸೀಮೆಸುಣ್ಣದಿಂದ ಹಿಡಿದು ಕರೆಂಟ್ ಬಿಲ್ಲಿನ ತನಕ ಅದರಲ್ಲೇ. ಮಾಡು ನೋಡಿಕೊಳ್ಳಲು ಏನೂ ಉಳಿಯುವುದಿಲ್ಲ.

ಹಾಗಾಗಿ ಹಳೆ ವಿದ್ಯಾರ್ಥಿಗಳು ಒಂದು ಸಣ್ಣ ಠೇವಣಿ ಇಡಿ, ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ರಿಪೇರಿ. ಈ ಹಣ ಊರಿನದ್ದೇ ಇರಲಿ, ವಿದೇಶದ್ದು ಬೆರೆಸಬೇಡಿ, ಲೆಕ್ಕ ಸುಲಭ. ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು ಅಂತ ನಿಯಮ ಇದೆ. ಬೀಗದ ಕೈ, ಚೆಕ್ ಪುಸ್ತಕ ಆ ತಾಯಂದಿರ ಕಣ್ಣಳತೆಯಲ್ಲಿರಲಿ.

ಮತ್ತೆ ಮೇ ತಿಂಗಳ ಕೊನೆಯಲ್ಲಿ, ಶಾಲೆ ಶುರುವಾಗುವ ಮುಂಚೆ, ಯಾರಾದರೂ ಒಬ್ಬರು ಏಣಿ ಹಾಕಿ ತಾರಸಿ ಹತ್ತಿ. ನೀರು ಹೋಗುವ ಕೊಳವೆಯಲ್ಲಿ ಬೇವಿನ ಎಲೆ, ಹಕ್ಕಿಗೂಡು, ಮಕ್ಕಳ ಚೆಂಡು ಸಿಕ್ಕಿಕೊಂಡಿರುತ್ತದೆ. ತೆಗೆದುಹಾಕಿ. ಚೆಂಡನ್ನು ಮಕ್ಕಳಿಗೆ ಕೊಡಿ.